ಸೂಕ್ಷ್ಮ ಮೀನುಗಳಿಗೆ ಆರ್‌ಒ ನೀರು: ತೊಂದರೆ ಕಂಡಾಗ ಎಲ್ಲಿಂದ ಹುಡುಕಬೇಕು

ಡಿಸ್ಕಸ್, ಕಾರ್ಡಿನಲ್ ಟೆಟ್ರಾ, ಚಾಕೊಲೇಟ್ ಗೌರಾಮಿಯಂತಹ ಮೀನುಗಳ ಮೂಲ ಹೊಳೆಗಳಲ್ಲಿ ಕರಗಿದ ಲವಣ ಇಲ್ಲವೆನ್ನುವಷ್ಟು ಕಡಿಮೆ. ಬೆಂಗಳೂರಿನ ಹೊರವಲಯದ, ಕೋಲಾರದ, ತುಮಕೂರಿನ ಎಷ್ಟೋ ಕೊಳವೆಬಾವಿಗಳ ನೀರಾದರೋ ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವಷ್ಟು ಗಡಸು. ಈ ಎರಡರ ನಡುವಿನ ಅಂತರವನ್ನು ತುಂಬುವುದಕ್ಕೆಂದು ಮನೆಯಲ್ಲಿ ಆರ್‌ಒ (ರಿವರ್ಸ್ ಆಸ್ಮೋಸಿಸ್) ಯಂತ್ರ, ಅಂದರೆ ನೀರನ್ನು ಒತ್ತಡದಿಂದ ಮೆಂಬ್ರೇನ್ ಎಂಬ ಅತಿ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ ಲವಣ ತೆಗೆಯುವ ಯಂತ್ರ, ಇಟ್ಟುಕೊಂಡವರಿಗೆ ಈ ಬರಹ.

ಹತ್ತು ವರ್ಷಗಳಿಂದ ಡಿಸ್ಕಸ್ ಸಾಕುತ್ತಿರುವ ನನಗೆ ಮನದಟ್ಟಾಗಿರುವ ಸಂಗತಿ ಒಂದಿದೆ. ಮೀನು ಸತ್ತಾಗ ನಾವು ಮೊದಲು ಮೆಂಬ್ರೇನನ್ನು ಅನುಮಾನಿಸುತ್ತೇವೆ. ಆದರೆ ತಪ್ಪು ಬಹುಮಟ್ಟಿಗೆ ಮೆಂಬ್ರೇನಿಗಿಂತ ಮೊದಲೋ ಅದರ ನಂತರವೋ ಆಗಿರುತ್ತದೆ. ಟಿಡಿಎಸ್ ಮೀಟರಿನ ಅಂಕಿ ನೀರಿನಲ್ಲಿ ಎಷ್ಟು ಲವಣ ಕರಗಿದೆ ಎಂದಷ್ಟೇ (ಲೀಟರಿಗೆ ಮಿ.ಗ್ರಾಂ ಲೆಕ್ಕದಲ್ಲಿ) ತಿಳಿಸುತ್ತದೆ. ಯಾವುದು ಕರಗಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ನೀರನ್ನು ಮೂರು ಕಡೆ ಪ್ರತ್ಯೇಕವಾಗಿ ಅಳೆಯಬೇಕು: ಯಂತ್ರಕ್ಕೆ ಹೋಗುವ ನೀರು, ಮೆಂಬ್ರೇನಿನಿಂದ ನೇರವಾಗಿ ಬರುವ ನೀರು, ಖನಿಜ ಬೆರೆಸಿ ತಯಾರಾದ ಡ್ರಮ್ಮಿನ ನೀರು. ಈ ಮೂರು ಅಂಕಿಗಳನ್ನು ದಿನಾಂಕದೊಂದಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡವರಿಗೆ ಮುಂದಿನ ಹುಡುಕಾಟದಲ್ಲಿ ಅರ್ಧ ಕೆಲಸ ಮುಗಿದಂತೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಟಿಡಿಎಸ್ ಮೀಟರ್, ಥರ್ಮಾಮೀಟರ್, ಪಿಎಚ್ (ಆಮ್ಲೀಯತೆ), ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಷಿಯಂಗಳಿಂದ ಬರುವ ಗಡಸುತನ), ಕೆಎಚ್ (ಬೈಕಾರ್ಬೊನೇಟ್ ಪ್ರಮಾಣ) ಮತ್ತು ಅಮೋನಿಯಾ ಅಳೆಯುವ ಹನಿ ಕಿಟ್‌ಗಳು, ಕ್ಲೋರಿನ್ ಇದ್ದರೆ ಹಳದಿಗೆ ತಿರುಗುವ ಒಟಿಒ ಹನಿ. ಮೀಟರಿನ ಮೇಲೆ ನಂಬಿಕೆ ಇಡುವ ಮೊದಲು ಅದನ್ನೇ ಒಮ್ಮೆ ಪರೀಕ್ಷಿಸಬೇಕು. ವಾಹನದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಾಟಲಿ ಪೆಟ್ರೋಲ್ ಬಂಕುಗಳಲ್ಲಿ ಸಿಗುತ್ತದೆ. ತೊಳೆದು ಒರೆಸಿದ ಲೋಟದಲ್ಲಿ ಅದರ ನೀರನ್ನು ಅಳೆದಾಗ ಮೀಟರ್ ಸೊನ್ನೆಯ ಆಸುಪಾಸಿನಲ್ಲಿರಬೇಕು. 15, 20 ಎಂದು ತೋರಿಸಿದರೆ ಮೀಟರಿನ ತುದಿಯನ್ನು ತೊಳೆದು, ಸೆಲ್ ಬದಲಾಯಿಸಿ, ಮತ್ತೆ ನೋಡಿ. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಅಂತಹುದೇ ಬಾಟಲಿಯಲ್ಲಿ ಇರಬಹುದಾದ್ದರಿಂದ ಚೀಟಿಯನ್ನು ಓದದೆ ಮುಚ್ಚಳ ತೆರೆಯಬೇಡಿ.

ನೀರು ಬದಲಾಯಿಸಿದ ಕೂಡಲೇ ಮೀನು ಮೇಲೆ ಬಂದು ಏದುತ್ತದೆ

ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯುವುದು, ಕಿವಿರು ವೇಗವಾಗಿ ಆಡುವುದು, ಗಾಜಿಗೆ ಡಿಕ್ಕಿ ಹೊಡೆಯುವಂತೆ ಓಡುವುದು ಕಂಡರೆ ಮೊದಲು ಹೊಸ ನೀರು ಹಾಕುವುದನ್ನು ನಿಲ್ಲಿಸಿ, ಏರ್ ಪಂಪಿನ ಗಾಳಿಯನ್ನು ಪೂರ್ತಿ ತೆರೆಯಿರಿ. ಕಾರಣ ಹುಡುಕುವುದು ಅದಾದ ಮೇಲೆ.

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಉಷ್ಣತೆಯದು. ಡಿಸ್ಕಸ್ ಟ್ಯಾಂಕ್ 28ರಿಂದ 30 ಡಿಗ್ರಿಯಲ್ಲಿದ್ದು, ಡಿಸೆಂಬರಿನ ಬೆಳಗ್ಗೆ ಬಾಲ್ಕನಿಯ ಡ್ರಮ್ಮಿನ ನೀರು 19 ಡಿಗ್ರಿಯಲ್ಲಿದ್ದರೆ, ಮೂರನೇ ಒಂದು ಭಾಗ ನೀರು ಬದಲಾಯಿಸುವಷ್ಟರಲ್ಲಿ ಟ್ಯಾಂಕಿನ ಉಷ್ಣತೆ ಸುಮಾರು ಮೂರು ಡಿಗ್ರಿ ಇಳಿಯುತ್ತದೆ. ತೊಂದರೆ ಇದೇ ಆಗಿದ್ದಲ್ಲಿ ಮುಂದಿನ ಸಲ ಡ್ರಮ್ಮಿಗೇ ಒಂದು ಹೀಟರ್ ಹಾಕಿ ನೀರನ್ನು ಬಿಸಿ ಮಾಡಿಕೊಳ್ಳಿ. ಹೀಟರ್ ಪ್ಲಾಸ್ಟಿಕ್ ಗೋಡೆಗೆ ತಾಗದಂತಿರಲಿ. ನೀರು ಖಾಲಿ ಮಾಡುವ ಮೊದಲು ಪ್ಲಗ್ ಕಿತ್ತು ಹದಿನೈದು ನಿಮಿಷ ಬಿಡಿ, ಇಲ್ಲವಾದರೆ ಗಾಜು ಸೀಳುತ್ತದೆ.

ಎರಡನೆಯದು ಕ್ಲೋರಿನ್. ಮೆಂಬ್ರೇನ್ ಕ್ಲೋರಿನ್ನನ್ನು ತಡೆಯುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ತಡೆಯುವುದು ಅದರ ಮುಂದೆ ಇರುವ ಕಾರ್ಬನ್ ಫಿಲ್ಟರ್. ಮೆಂಬ್ರೇನಾದರೋ ಕ್ಲೋರಿನ್ ತಾಗಿದರೆ ತಾನೇ ಹಾಳಾಗುತ್ತದೆ. ಕಾರ್ಬನ್ ಮುಗಿದಿದೆಯೇ ಎಂದು ನೋಡಲು ಯಂತ್ರವನ್ನು ಬಿಚ್ಚಬೇಕಾಗಿಲ್ಲ. ವ್ಯರ್ಥ ನೀರಿನ ಪೈಪಿನಲ್ಲಿ ಬರುವ ನೀರು ಕಾರ್ಬನ್ ದಾಟಿ ಬಂದದ್ದೇ ಆದ್ದರಿಂದ, ಅದನ್ನು ಐದು ಮಿ.ಲೀ. ಹಿಡಿದು ಒಟಿಒ ಹನಿ ಹಾಕಿ, ಬಿಳಿ ಕಾಗದದ ಮುಂದೆ ಹಿಡಿದು ನೋಡಿ. ತಿಳಿ ಹಳದಿಯ ಛಾಯೆ ಕಂಡರೂ ಕಾರ್ಬನ್ ಬದಲಾಯಿಸುವ ಹೊತ್ತು ಬಂದಿದೆ. ಒಟಿಒ ದ್ರಾವಣ ಆಮ್ಲೀಯವೂ ವಿಷಕಾರಿಯೂ ಹೌದು. ಚರ್ಮಕ್ಕೆ ತಾಗಿಸದೆ, ಪರೀಕ್ಷಿಸಿದ ನೀರನ್ನು ಬಚ್ಚಲಿಗೆ ಚೆಲ್ಲಿ ಕೈ ತೊಳೆಯಿರಿ.

ಇದು ಬೆಂಗಳೂರಿನಲ್ಲಿ ಈಚೆಗೆ ಹೆಚ್ಚಾಗಿ ಕಾಣುವ ತೊಂದರೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಚಾಲನೆಗೊಂಡ ಮೇಲೆ, ಅದುವರೆಗೆ ಬೋರ್ ನೀರನ್ನೇ ನಂಬಿದ್ದ, ನಗರಕ್ಕೆ ಸೇರಿಸಲಾದ 110 ಹಳ್ಳಿಗಳ ವ್ಯಾಪ್ತಿಯ ಮನೆಗಳಿಗೆ ನದಿ ನೀರು ಬರತೊಡಗಿತು. ಟಿಡಿಎಸ್ ಇಳಿದದ್ದು ಒಳ್ಳೆಯದೇ. ಆದರೆ ಬೋರ್ ನೀರಿನಲ್ಲಿ ಇಲ್ಲದಿದ್ದ ಕ್ಲೋರಿನ್ ಜೊತೆಗೇ ಬಂತು. ಕ್ಲೋರಿನ್ ಇಲ್ಲದ ನೀರಿಗೆಂದು ಎರಡು ವರ್ಷ ಕಾರ್ಬನ್ ಬದಲಾಯಿಸದೆ ನಡೆಸಿದ್ದ ಯಂತ್ರಗಳು ಆಗ ಕೈಕೊಟ್ಟವು. ನಿಮ್ಮ ಸಂಪಿಗೆ ಒಂದು ದಿನ ಕಾವೇರಿ, ಒಂದು ದಿನ ಬೋರ್, ಬೇಸಿಗೆಯಲ್ಲಿ ಟ್ಯಾಂಕರ್ ಎಂದು ನೀರು ಬೆರೆಯುತ್ತಿದ್ದರೆ ಪ್ರತಿ ಸಲವೂ ಪರೀಕ್ಷೆ ಬೇಕು. ಸಂಪನ್ನು ತೊಳೆದು ಬ್ಲೀಚಿಂಗ್ ಪುಡಿ ಹಾಕಿದ ವಾರದಲ್ಲಿ ಅಕ್ವೇರಿಯಂ ನೀರು ತಯಾರಿಸಲೇಬೇಡಿ.

ಉಷ್ಣತೆ, ಕ್ಲೋರಿನ್ ಎರಡೂ ಸರಿಯಿದ್ದರೆ ಮೂರನೆಯ ಅನುಮಾನ ಇಂಗಾಲದ ಡೈಆಕ್ಸೈಡಿನ ಮೇಲೆ. ಅದು ಅನಿಲವಾದ್ದರಿಂದ ಮೆಂಬ್ರೇನನ್ನು ಸಲೀಸಾಗಿ ದಾಟುತ್ತದೆ. ಆಗ ತಾನೇ ಬಂದ ಆರ್‌ಒ ನೀರಿನಲ್ಲಿ, ಅದರಲ್ಲೂ ಬೋರ್ ನೀರಿನಿಂದ ತಯಾರಾದದ್ದರಲ್ಲಿ, ಅದು ತುಂಬಿಕೊಂಡಿದ್ದು ಆಮ್ಲಜನಕ ಕಡಿಮೆಯಿರುತ್ತದೆ. ಡ್ರಮ್ಮಿಗೆ ಏರ್ ಸ್ಟೋನ್ ಬಿಟ್ಟು 24 ಗಂಟೆ ಗಾಳಿಯಾಡಿಸಿದರೆ ಈ ತೊಂದರೆ ಇಲ್ಲವಾಗುತ್ತದೆ.

ಶುದ್ಧ ನೀರಿನ ಟಿಡಿಎಸ್ ಇರಬೇಕಾದದ್ದಕ್ಕಿಂತ ಹೆಚ್ಚು

ಮೊದಲು ಲೆಕ್ಕ ಮಾಡಿ. ಒಳಹೋಗುವ ನೀರು 900, ಹೊರಬರುವುದು 40 ಆದರೆ ಮೆಂಬ್ರೇನ್ ಸುಮಾರು ಶೇ. 95.5ರಷ್ಟು ಲವಣವನ್ನು ತಡೆದಿದೆ. ಅದು ಆರೋಗ್ಯವಂತ ಮೆಂಬ್ರೇನ್. ಪಕ್ಕದ ಮನೆಯ ಯಂತ್ರ 8 ತೋರಿಸುತ್ತದೆ ಎಂದು ಕೊರಗುವ ಮೊದಲು ಅವರ ನಲ್ಲಿಯಲ್ಲಿ ಬರುವುದು 200ರ ಕಾವೇರಿ ನೀರೇ ಎಂದು ಕೇಳಿ ನೋಡಿ. ತಡೆಯುವ ಪ್ರಮಾಣ ಶೇ. 90ಕ್ಕಿಂತ ಕೆಳಗಿಳಿದಿದ್ದರೆ ಮಾತ್ರ ಮುಂದೆ ಹೋಗೋಣ.

ಯಂತ್ರ ನಿಂತಿದ್ದು ಮತ್ತೆ ಶುರುವಾದಾಗ ಮೊದಲ ಕೆಲವು ನಿಮಿಷಗಳ ನೀರಿನಲ್ಲಿ ಟಿಡಿಎಸ್ ಜಾಸ್ತಿ ಇರುತ್ತದೆ, ಏಕೆಂದರೆ ಒತ್ತಡವಿಲ್ಲದೆ ನಿಂತ ಹೊತ್ತಿನಲ್ಲಿ ಲವಣ ಮೆಂಬ್ರೇನಿನ ಆಚೆ ಬದಿಗೆ ನಿಧಾನವಾಗಿ ಹರಡಿಕೊಂಡಿರುತ್ತದೆ. ಹತ್ತು ನಿಮಿಷ ಹರಿಯಬಿಟ್ಟು ಅಳೆಯಿರಿ. ಆ ಮೊದಲ ನೀರನ್ನು ಡ್ರಮ್ಮಿಗೆ ಸೇರಿಸದೆ ಗಿಡಕ್ಕೆ ಹಾಕಿ. ಫ್ಲೋಟ್ ಸ್ವಿಚ್ ಪದೇ ಪದೇ ಆನ್, ಆಫ್ ಆಗುವಂತೆ ಇಟ್ಟವರ ಡ್ರಮ್ಮಿನಲ್ಲಿ ಇಂತಹ ಮೊದಲ ನೀರೇ ಸೇರಿಕೊಂಡಿರುತ್ತದೆ. ಒಮ್ಮೆಗೇ ಡ್ರಮ್ ತುಂಬಿಸುವುದು ಮೇಲು.

ಅಡುಗೆಮನೆಯ ಕುಡಿಯುವ ನೀರಿನ ಯಂತ್ರದಿಂದಲೇ ಮೀನಿಗೂ ನೀರು ಹಿಡಿಯುವವರು ಇನ್ನೊಂದನ್ನು ಗಮನಿಸಬೇಕು. ನಮ್ಮಲ್ಲಿ ಮಾರಾಟವಾಗುವ ಬಹಳಷ್ಟು ಯಂತ್ರಗಳಲ್ಲಿ ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಪು ಇರುತ್ತದೆ. ಕುಡಿಯುವವರಿಗೆ ರುಚಿ ಇರಲೆಂದು ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ಬೆರೆಸುವ ಕೆಲಸ ಅದರದು. ಹೀಗಾಗಿ ನಲ್ಲಿಯಲ್ಲಿ 100 ಬಂದರೆ ಅದು ದೋಷವಲ್ಲ, ಯಂತ್ರವನ್ನು ಹಾಗೆಯೇ ಹೊಂದಿಸಲಾಗಿದೆ. ಮೆಂಬ್ರೇನ್ ಕೊಳವೆಯಿಂದ ಹೊರಬರುವ ಪೈಪಿನಲ್ಲೇ ಅಳೆದರೆ ಸಂಗತಿ ಸ್ಪಷ್ಟವಾಗುತ್ತದೆ. ಕುಡಿಯುವ ಯಂತ್ರದ ಹೊಂದಿಕೆಯನ್ನು ಮೀನಿಗಾಗಿ ಬದಲಾಯಿಸುವುದು ಮನೆಯವರ ದೃಷ್ಟಿಯಿಂದ ಸರಿಯಲ್ಲ; ಮೀನಿಗೆ ಬೇರೆಯದೇ ಸಾದಾ ಆರ್‌ಒ ಇರಲಿ, ಅದಕ್ಕೆ ಯುವಿ, ಮಿನರಲ್ ಕಾರ್ಟ್ರಿಜ್ ಯಾವುದೂ ಬೇಡ.

ಇಷ್ಟಾದರೂ ಅಂಕಿ ಇಳಿಯದಿದ್ದರೆ ವಿದ್ಯುತ್ ಪ್ಲಗ್ ಕಿತ್ತು, ನೀರಿನ ವಾಲ್ವ್ ಮುಚ್ಚಿ, ಮೆಂಬ್ರೇನನ್ನು ಹೊರತೆಗೆಯಿರಿ. ಅದರ ಸುತ್ತಲಿನ ರಬ್ಬರ್ ಪಟ್ಟಿ ಮಡಚಿಕೊಂಡಿದೆಯೇ, ತುದಿಯ ಎರಡು ಓ ರಿಂಗುಗಳು ಹರಿದಿವೆಯೇ, ಮೆಂಬ್ರೇನ್ ಕೊನೆಯವರೆಗೆ ಒತ್ತಿ ಕೂತಿದೆಯೇ ಎಂದು ನೋಡಿ. ಹತ್ತು ರೂಪಾಯಿಯ ಓ ರಿಂಗ್ ಹರಿದದ್ದಕ್ಕೆ ಸಾವಿರಾರು ರೂಪಾಯಿಯ ಮೆಂಬ್ರೇನ್ ಬದಲಾಯಿಸಿದವರನ್ನು ನಾನು ಬಲ್ಲೆ. ಹೊಸ ಮೆಂಬ್ರೇನ್ ಹಾಕಿದರೆ ಅದನ್ನು ಕೆಡದಂತೆ ಇಡಲು ಸವರಿದ ರಾಸಾಯನಿಕ ತೊಳೆದುಹೋಗುವವರೆಗೆ, ಮೊದಲ ಎರಡು ಗಂಟೆಗಳ ನೀರನ್ನು ಚೆಲ್ಲಬೇಕು.

ಟಿಡಿಎಸ್ 30, ಪಿಎಚ್ ಸರಿ, ಅಮೋನಿಯಾ ಸೊನ್ನೆ. ಆದರೂ ಸೀಗಡಿಗಳು ಸಾಯುತ್ತಿವೆ

ಇದನ್ನು ನಾನೇ ಅನುಭವಿಸಿದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಾನು ಬೇರೆ ಯಂತ್ರ ಕೊಳ್ಳುವುದಕ್ಕೆ ಮೊದಲು ಮನೆಯ ಕುಡಿಯುವ ನೀರಿನ ಯಂತ್ರದಿಂದಲೇ ಸಣ್ಣ ಟ್ಯಾಂಕಿಗೆ ನೀರು ಹಿಡಿಯುತ್ತಿದ್ದೆ. ವಾರ್ಷಿಕ ಸರ್ವಿಸ್ ಆದ ಮೂರನೇ ದಿನ ನೀರು ಬದಲಾಯಿಸಿದೆ. ಮರುದಿನ ಬೆಳಗ್ಗೆ ನಲವತ್ತಕ್ಕೂ ಹೆಚ್ಚು ಚೆರಿ ಸೀಗಡಿಗಳಲ್ಲಿ ಹತ್ತಾರು ಮರಳಿನ ಮೇಲೆ ಮಗುಚಿಕೊಂಡು ಬಿದ್ದಿದ್ದವು. ಬದುಕಿದ್ದವು ಫಿಲ್ಟರಿನ ಪೈಪನ್ನು ಹತ್ತಿ ನೀರಿನಿಂದ ಹೊರಬರಲು ನೋಡುತ್ತಿದ್ದವು. ಬಸವನಹುಳುಗಳು ಚಿಪ್ಪು ಮುಚ್ಚಿಕೊಂಡು ತಳಕ್ಕೆ ಉರುಳಿದ್ದವು. ಅದೇ ಟ್ಯಾಂಕಿನ ಟೆಟ್ರಾಗಳು ಮಾತ್ರ ಏನೂ ಆಗದಂತೆ ಈಜಾಡುತ್ತಿದ್ದವು. ಕೈಯಲ್ಲಿದ್ದ ಎಲ್ಲ ಕಿಟ್‌ಗಳೂ ನೀರು ಸರಿಯಿದೆ ಎಂದೇ ಹೇಳಿದವು. ಕೊನೆಗೆ ಯಂತ್ರದ ಮುಚ್ಚಳ ತೆಗೆದು ನೋಡಿದರೆ, ನಾನು ಕೇಳದೆಯೇ ಒಂದು ಹೊಸ ಕಾಪರ್ ಕಾರ್ಟ್ರಿಜ್ ಜೋಡಿಸಲಾಗಿತ್ತು.

ತಾಮ್ರದ ಪಾತ್ರೆಯ ನೀರು ಆರೋಗ್ಯಕ್ಕೆ ಒಳ್ಳೆಯದೆಂಬ ಭಾವನೆಯಿಂದ ಈಗಿನ ಬಹಳಷ್ಟು ಯಂತ್ರಗಳಲ್ಲಿ ಇಂತಹ ಕಾರ್ಟ್ರಿಜ್ ಇರುತ್ತದೆ. ಮನುಷ್ಯರಿಗೆ ತೊಂದರೆಯಿಲ್ಲದ ಪ್ರಮಾಣದ ತಾಮ್ರವೂ ಸೀಗಡಿ, ಬಸವನಹುಳುಗಳಿಗೆ ಪ್ರಾಣಾಂತಿಕ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ತಾಮ್ರಕ್ಕೆ ಲೀಟರಿಗೆ 0.05 ಮಿ.ಗ್ರಾಂ ಅಪೇಕ್ಷಿತ ಮಿತಿಯನ್ನೂ, ಬೇರೆ ನೀರು ಇಲ್ಲದಿದ್ದಾಗ 1.5 ಮಿ.ಗ್ರಾಂವರೆಗಿನ ಅನುಮತಿಯನ್ನೂ ಕೊಡುತ್ತದೆ. ಇಷ್ಟು ಸಣ್ಣ ಪ್ರಮಾಣ ಟಿಡಿಎಸ್ ಮೀಟರಿನಲ್ಲಿ ಕಾಣುವುದೇ ಇಲ್ಲ. ಇನ್ನೂ ಮುಖ್ಯವಾದದ್ದು, ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಬೈಕಾರ್ಬೊನೇಟುಗಳು ತಾಮ್ರದ ವಿಷವನ್ನು ಸಾಕಷ್ಟು ತಗ್ಗಿಸುತ್ತವೆ. ಮೆದು ನೀರಿನಲ್ಲಿ ಆ ರಕ್ಷಣೆ ಇರುವುದಿಲ್ಲ. ನಾವು ಸೂಕ್ಷ್ಮ ಜೀವಿಗಳಿಗೆಂದು ತಯಾರಿಸುವ ನೀರಿನಲ್ಲಿಯೇ ತಾಮ್ರ ಅತಿ ಹೆಚ್ಚು ಅಪಾಯಕಾರಿ.

ಪರೀಕ್ಷೆಯ ಕ್ರಮ ಹೀಗಿರಲಿ: ಯಂತ್ರದಲ್ಲಿ ಕಾಪರ್, ಆಲ್ಕಲೈನ್, ಮಿನರಲ್ ಎಂಬ ಹೆಸರಿನ ಕಾರ್ಟ್ರಿಜ್ ಇದೆಯೇ ನೋಡಿ, ಮೆಂಬ್ರೇನಿನ ನಂತರ ಹಿತ್ತಾಳೆಯ ಕನೆಕ್ಟರ್ ಅಥವಾ ನಲ್ಲಿ ಇದೆಯೇ ನೋಡಿ, ಟ್ಯಾಂಕಿಗೆ ಈಚೆಗೆ ಬಿಳಿಚುಕ್ಕೆ ರೋಗದ ಔಷಧಿ ಹಾಕಿದ್ದರೆ ಅದರಲ್ಲಿ ತಾಮ್ರವಿತ್ತೇ ಎಂದು ಚೀಟಿ ಓದಿ. ಇದ್ದದ್ದು ಖಚಿತವಾದರೆ ಮೂಲವನ್ನು ತೆಗೆದು, ತಾಜಾ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ತಾಮ್ರವಿಲ್ಲದ ನೀರಿನಿಂದ ದಿನಕ್ಕೆ ಸ್ವಲ್ಪಸ್ವಲ್ಪವಾಗಿ ನೀರು ಬದಲಾಯಿಸಿ. ಉಳಿದ ಸೀಗಡಿಗಳನ್ನು ಅವಸರದಿಂದ ಬೇರೆ ನೀರಿಗೆ ಎತ್ತಿಹಾಕಿದರೆ ಆ ಆಘಾತಕ್ಕೇ ಸಾಯಬಹುದು. ಅದೂ ನನ್ನ ಕಣ್ಣೆದುರೇ ನಡೆಯಿತು.

ಪಿಎಚ್ ಒಂದೊಂದು ಹೊತ್ತಿಗೆ ಒಂದೊಂದು ತೋರಿಸುತ್ತದೆ

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ.

ಒಂದು, ಡ್ರಮ್ಮಿನ ಬರಿಯ ಆರ್‌ಒ ನೀರಿನ ಪಿಎಚ್. ಲವಣವೇ ಇಲ್ಲದ ನೀರಿನಲ್ಲಿ ಪಿಎಚ್ ಅನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. ಪೆನ್ ಮೀಟರುಗಳೂ ಅಂತಹ ನೀರಿನಲ್ಲಿ ಸ್ಥಿರವಾಗಿ ನಿಲ್ಲುವುದಿಲ್ಲ. ಗಾಳಿಯೊಂದಿಗೆ ಹೊಂದಿಕೊಂಡ ಅಪ್ಪಟ ಶುದ್ಧ ನೀರಿನ ಪಿಎಚ್ ಸುಮಾರು 5.6ರಷ್ಟಿರುವುದು ಸಹಜ. ಆದ್ದರಿಂದ ಬರಿಯ ನೀರಿನ ಪಿಎಚ್ ಬೆನ್ನುಹತ್ತಿ ಸರಿಪಡಿಸಲು ಹೋಗಬೇಡಿ. ಖನಿಜ ಬೆರೆಸಿ, ಒಂದು ರಾತ್ರಿ ಗಾಳಿಯಾಡಿಸಿ, ಬೆಳಗ್ಗೆ ಅಳೆದ ಪಿಎಚ್ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಎರಡು, ಟ್ಯಾಂಕಿನ ಪಿಎಚ್ ವಾರಗಟ್ಟಲೆ ಸರಿಯಿದ್ದು ಇದ್ದಕ್ಕಿದ್ದಂತೆ ಕುಸಿಯುವುದು. ಇದು ಗಂಭೀರವಾದದ್ದು. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾ ನೈಟ್ರೇಟ್ ಆಗಿ ಮಾರ್ಪಡಿಸುವಾಗ ಆಮ್ಲ ಹುಟ್ಟುತ್ತದೆ. ಆ ಆಮ್ಲವನ್ನು ನುಂಗಿಕೊಳ್ಳುವುದು ನೀರಿನಲ್ಲಿರುವ ಬೈಕಾರ್ಬೊನೇಟ್, ಅಂದರೆ ಕೆಎಚ್. ಆರ್‌ಒ ನೀರಿಗೆ ಕೆಎಚ್ ಸೇರಿಸದೆ ಹಾಕುತ್ತಾ ಬಂದರೆ ಒಂದು ದಿನ ಅದು ಸೊನ್ನೆಯಾಗಿ ಪಿಎಚ್ 5ರ ಕಡೆಗೆ ಜಾರುತ್ತದೆ. ಪಿಎಚ್ 6ಕ್ಕಿಂತ ಕೆಳಗೆ ಬ್ಯಾಕ್ಟೀರಿಯಾ ಕೆಲಸ ನಿಧಾನಿಸುವುದರಿಂದ ಅಮೋನಿಯಾ ಕಿಟ್ ಬಣ್ಣ ತೋರಿಸತೊಡಗುತ್ತದೆ.

ಈ ಹಂತದಲ್ಲಿ ಗಾಬರಿಯಿಂದ ಅರ್ಧ ಟ್ಯಾಂಕ್ ನೀರನ್ನು ನಲ್ಲಿ ನೀರಿನಿಂದ ಬದಲಾಯಿಸಿದವರ ಮೀನುಗಳು ಗಂಟೆಯೊಳಗೆ ಸತ್ತದ್ದುಂಟು. ಕಾರಣ ಹೀಗಿದೆ. ಆಮ್ಲೀಯ ನೀರಿನಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿದ್ದು ಅಷ್ಟಾಗಿ ಹಾನಿ ಮಾಡುವುದಿಲ್ಲ. 28 ಡಿಗ್ರಿಯಲ್ಲಿ ಪಿಎಚ್ 6 ಇದ್ದಾಗ ವಿಷಕಾರಿ ರೂಪ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅದೇ ನೀರಿನ ಪಿಎಚ್ 8ಕ್ಕೆ ಏರಿದರೆ ನೂರರಲ್ಲಿ ಆರು ಭಾಗಕ್ಕಿಂತ ಹೆಚ್ಚಾಗುತ್ತದೆ. ಅಂದರೆ ನೀರು ಬದಲಾಯಿಸಿದ್ದರಿಂದ ಅಮೋನಿಯಾ ಅರ್ಧವಾದರೂ ಅದರ ವಿಷ ಹತ್ತಾರು ಪಟ್ಟು ಏರಿರುತ್ತದೆ. ಹಾಗಾಗಿ ಮೇವು ನಿಲ್ಲಿಸಿ, ಟ್ಯಾಂಕಿನ ಪಿಎಚ್‌ಗೆ ಹತ್ತಿರವಿರುವ ಮೆದು ನೀರಿನಿಂದ ದಿನಕ್ಕೆ ಶೇ. 10ರಿಂದ 15ರಷ್ಟು ಮಾತ್ರ ಬದಲಾಯಿಸಿ. ಅಮೋನಿಯಾ ಇಳಿದ ಮೇಲೆ ಹೊಸ ನೀರಿನಲ್ಲಿ ಕೆಎಚ್ ಅನ್ನು ಅರ್ಧ ಡಿಗ್ರಿಯಂತೆ ಏರಿಸುತ್ತಾ ಹೋಗಿ.

ಇದಕ್ಕೆ ವಿರುದ್ಧವಾಗಿ ಪಿಎಚ್ ತಾನಾಗಿಯೇ ಏರುತ್ತಾ 8 ದಾಟುತ್ತಿದ್ದರೆ ಟ್ಯಾಂಕಿನಲ್ಲಿ ಸುಣ್ಣದ ಕಲ್ಲೋ ಹವಳದ ಚೂರೋ ಇದೆ. ಕಲ್ಲಿನ ಮೇಲೆ ಎರಡು ಹನಿ ನಿಂಬೆರಸ ಹಿಂಡಿದಾಗ ನೊರೆ ಬಂದರೆ ಅದನ್ನು ತೆಗೆಯಿರಿ. ಹೊಸದಾಗಿ ಸಿಮೆಂಟ್ ಗಾರೆ ಮಾಡಿದ ಸಂಪಿನ ನೀರಿಗೂ ಸುಣ್ಣ ಬಿಡುವ ಗುಣ ಕೆಲವು ತಿಂಗಳು ಇರುತ್ತದೆ.

ಖನಿಜ ಹಾಕಿದ ಮೇಲೆ ನೀರು ಹಾಲಿನಂತಾಯಿತು

ಕ್ಯಾಲ್ಸಿಯಂ ಲವಣವನ್ನೂ ಅಡುಗೆ ಸೋಡಾವನ್ನೂ ಒಂದೇ ಲೋಟದಲ್ಲಿ ಗಟ್ಟಿಯಾಗಿ ಕರಗಿಸಿದರೆ ಎರಡೂ ಸೇರಿ ಸುಣ್ಣವಾಗಿ ತಳಕ್ಕಿಳಿಯುತ್ತವೆ. ಜಿಎಚ್, ಕೆಎಚ್ ಎರಡೂ ಏರುವುದಿಲ್ಲ. ಪ್ರತಿಯೊಂದನ್ನೂ ಬೇರೆ ಬೇರೆ ಲೋಟದಲ್ಲಿ ಧಾರಾಳ ನೀರಿನಲ್ಲಿ ಕರಗಿಸಿ, ಡ್ರಮ್ಮಿನಲ್ಲಿ ನೀರು ತಿರುಗುತ್ತಿರುವಾಗ ಒಂದರ ನಂತರ ಒಂದಾಗಿ ಹಾಕಬೇಕು. 100 ಲೀಟರ್ ಆರ್‌ಒ ನೀರಿಗೆ ನಾನು ಹಾಕುವುದು ಇಷ್ಟು: ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 8 ಗ್ರಾಂ, ಎಪ್ಸಂ ಉಪ್ಪು 4.4 ಗ್ರಾಂ, ಅಡುಗೆ ಸೋಡಾ 6 ಗ್ರಾಂ. ಇದರಿಂದ ಜಿಎಚ್ ಸುಮಾರು 4, ಕೆಎಚ್ ಸುಮಾರು 2 ಡಿಗ್ರಿ ಬರುತ್ತದೆ. ಮೀಟರ್ 120ರಿಂದ 160ರ ನಡುವೆ ತೋರಿಸುತ್ತದೆ. ಗ್ರಾಂ ಲೆಕ್ಕಕ್ಕೆ ಚಮಚ ಸಾಲದು, ಚಿನ್ನ ತೂಗುವಂತಹ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಕ್ಯಾಲ್ಸಿಯಂ ಕ್ಲೋರೈಡ್ ಕರಗುವಾಗ ಬಿಸಿ ಹುಟ್ಟುವುದರಿಂದ ನೀರಿಗೆ ಹರಳನ್ನು ಸ್ವಲ್ಪಸ್ವಲ್ಪವಾಗಿ ಹಾಕಿ, ಬರಿಗೈಯಲ್ಲಿ ಮುಟ್ಟಬೇಡಿ. ನೀರಿನಂಶವಿಲ್ಲದ ನಮೂನೆ ತಂದಿದ್ದರೆ 8ರ ಬದಲು 6 ಗ್ರಾಂ ಸಾಕು. ಬೇಕಿಂಗ್ ಪೌಡರನ್ನು ಅಡುಗೆ ಸೋಡಾ ಎಂದು ಹಾಕಬೇಡಿ.

ಖನಿಜ ಕೊಳ್ಳುವ ಗೋಜು ಬೇಡವೆಂದು ಆರ್‌ಒ ನೀರಿಗೆ ನಲ್ಲಿ ನೀರನ್ನೇ ಬೆರೆಸುವವರೂ ಇದ್ದಾರೆ. ಟಿಡಿಎಸ್ ನಲ್ಲಿ ನೀರಿನದು 800, ಆರ್‌ಒ ನೀರಿನದು 20, ಬೇಕಾದದ್ದು 120 ಎಂದಾದರೆ 100 ಲೀಟರಿನಲ್ಲಿ ಸುಮಾರು 13 ಲೀಟರ್ ನಲ್ಲಿ ನೀರು ಸಾಕಾಗುತ್ತದೆ. ಕಾವೇರಿ ನೀರಾದರೆ ಕ್ಲೋರಿನ್ ತೆಗೆದು ಹೀಗೆ ಮಾಡುವುದರಲ್ಲಿ ತಪ್ಪಿಲ್ಲ. ಬೋರ್ ನೀರಿನ ನೈಟ್ರೇಟ್ ಪರೀಕ್ಷಿಸದೆ ಮಾಡಬೇಡಿ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಕಟ್ಟಡಕ್ಕೆ ಸಾಫ್ಟ್‌ನರ್ ಇದೆಯೇ ಎಂದು ವಿಚಾರಿಸಲೇಬೇಕು. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ, ಟಿಡಿಎಸ್ ಹಾಗೆಯೇ ಉಳಿಯುತ್ತದೆ. ಅಂತಹ ನೀರು ಬೆರೆಸಿದಾಗ ಮೀಟರ್ 120 ತೋರಿಸಿದರೂ ಜಿಎಚ್ ಸೊನ್ನೆಯೇ. ಮೆಂಬ್ರೇನಿನ ಬಾಳಿಕೆಗೆ ಸಾಫ್ಟ್‌ನರ್ ನೀರು ಒಳ್ಳೆಯದು, ಬೆರೆಸುವುದಕ್ಕೆ ಮಾತ್ರ ಅದು ಒಗ್ಗದು.

ಎರಡು ಮೂರು ದಿನಗಳ ಮೇಲೆ ಮೀನು ಮಂಕಾಗುತ್ತದೆ

ಹೊಸದಾಗಿ ತಂದ ಮೀನು ಮೊದಲ ದಿನ ಚೆನ್ನಾಗಿದ್ದು ನಂತರ ಈಜುರೆಕ್ಕೆ ಮುದುರಿ, ಬಣ್ಣ ಕಪ್ಪಾಗಿ ಮೂಲೆ ಹಿಡಿದರೆ ಅಂಗಡಿಯ ನೀರಿನ ಟಿಡಿಎಸ್ ಎಷ್ಟಿತ್ತು ಎಂದು ನೆನಪಿಸಿಕೊಳ್ಳಿ. ಚೀಲದ ನೀರನ್ನು ಚೆಲ್ಲುವ ಮೊದಲು ಅಳೆಯುವ ಅಭ್ಯಾಸ ಎಲ್ಲರಿಗೂ ಇರಬೇಕಿತ್ತು. 600ರ ನೀರಿನಿಂದ 100ರ ನೀರಿಗೆ ಅರ್ಧ ಗಂಟೆಯಲ್ಲಿ ಬಂದ ಮೀನಿನ ದೇಹಕ್ಕೆ ನೀರು ಒಳನುಗ್ಗುವುದನ್ನೂ ಲವಣ ಹೊರಸೋರುವುದನ್ನೂ ತಡೆಯುವ ಕೆಲಸ ಒಮ್ಮೆಗೇ ಹೆಚ್ಚುತ್ತದೆ. ಇಂತಹ ಮೀನನ್ನು ಪ್ರತ್ಯೇಕ ತೊಟ್ಟಿಯಲ್ಲಿ ಅಂಗಡಿಯ ನೀರಿನಷ್ಟೇ ಟಿಡಿಎಸ್‌ನಲ್ಲಿಟ್ಟು, ದಿನಕ್ಕೆ 40, 50ರಂತೆ ಇಳಿಸುತ್ತಾ ಒಂದೆರಡು ವಾರ ತೆಗೆದುಕೊಳ್ಳುವುದು ಕ್ಷೇಮ. ಗಪ್ಪಿ, ಮೋಲಿ, ಮಲಾವಿ ಸಿಕ್ಲಿಡ್‌ಗಳಿಗೆ ಮೆದು ನೀರೇ ತೊಂದರೆ. ಅವುಗಳಿಗೆ ನಮ್ಮ ಬೋರ್ ನೀರು ಹಿತ.

ನೀರು ಹನಿಹನಿಯಾಗಿ ಬರುತ್ತದೆ

ಮೊದಲು ಹೊರಗಿನ ಪ್ರೀ ಫಿಲ್ಟರಿನ ನೂಲಿನ ಉರುಳೆ ನೋಡಿ. ಟ್ಯಾಂಕರ್ ನೀರು ಬಳಸುವ ಮನೆಗಳಲ್ಲಿ ಅದು ಒಂದೇ ತಿಂಗಳಲ್ಲಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿ ಕಟ್ಟಿಕೊಳ್ಳುತ್ತದೆ. ಅದು ಸರಿಯಿದ್ದರೆ ಕಾಲಮಾನ ನೆನೆಯಿರಿ: ನೀರು ತಣ್ಣಗಾದಂತೆ ಪ್ರತಿ ಡಿಗ್ರಿಗೆ ಸುಮಾರು ಶೇ. 3ರಷ್ಟು ಇಳುವರಿ ಕುಗ್ಗುವುದು ಸಹಜ. ಪಂಪ್ ಗುಂಯ್ ಎನ್ನುತ್ತಿದ್ದು ವ್ಯರ್ಥ ನೀರೂ ಕಡಿಮೆ ಬರುತ್ತಿದ್ದರೆ ಪಂಪಿನ ಅಥವಾ ಅಡಾಪ್ಟರಿನ ದೋಷ. ವ್ಯರ್ಥ ನೀರು ಮಾತ್ರ ಧಾರೆಯಾಗಿ ಹರಿಯುತ್ತಿದ್ದರೆ ಆ ಪೈಪಿನ ಹರಿವನ್ನು ತಡೆಹಿಡಿಯುವ ಫ್ಲೋ ರಿಸ್ಟ್ರಿಕ್ಟರ್ ಒತ್ತಡ ಹಿಡಿಯುತ್ತಿಲ್ಲ. ಅದನ್ನು ಪೂರ್ತಿ ಮುಚ್ಚಿ ನೀರು ಉಳಿಸಲು ಹೋದರೆ ಲವಣ ಮೆಂಬ್ರೇನಿನ ಮೇಲೆ ಕಲ್ಲಾಗಿ ಕೂರುತ್ತದೆ. ವ್ಯರ್ಥ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ.

ಮೆಂಬ್ರೇನಿನ ನಂತರ ಡಿಐ ರಾಳ (ಉಳಿದ ಲವಣವನ್ನೂ ಹಿಡಿದಿಟ್ಟುಕೊಳ್ಳುವ ಸಣ್ಣ ಕಾಳುಗಳು) ಇಟ್ಟುಕೊಂಡವರಿಗೆ ಅದು ಬೇಗ ಬಣ್ಣಗೆಡುವ ದೂರು ಸಾಮಾನ್ಯ. ಮೆಂಬ್ರೇನ್ ದಾಟಿ ಬಂದ ಇಂಗಾಲದ ಡೈಆಕ್ಸೈಡೇ ರಾಳವನ್ನು ತಿಂದುಹಾಕುತ್ತಿರುತ್ತದೆ. ನೀರನ್ನು ಗಾಳಿಯಾಡಿಸಿ ನಂತರ ರಾಳದ ಮೂಲಕ ಹರಿಸಿದರೆ ಬಾಳಿಕೆ ಹೆಚ್ಚುತ್ತದೆ. ನನ್ನ ಅಭಿಪ್ರಾಯದಲ್ಲಿ, ಖನಿಜ ಮರಳಿ ಬೆರೆಸುವ ಸಿಹಿನೀರಿನ ಮೀನುಗಳಿಗೆ ಡಿಐ ಅಗತ್ಯವೇ ಇಲ್ಲ.

ಸಂಗ್ರಹಿಸಿದ ನೀರಿಗೆ ವಾಸನೆ

ಕ್ಲೋರಿನ್ ಇಲ್ಲದ ನೀರು ಬೇಗ ಲೋಳೆಗಟ್ಟುತ್ತದೆ. ಡ್ರಮ್ಮಿನ ಒಳಗೋಡೆಯನ್ನು ಬೆರಳಿನಿಂದ ಸವರಿ ಜಾರಿದರೆ, ತೊಳೆದು ಬಿಸಿಲಿಗೆ ಒಣಗಿಸಿ. ಆಹಾರ ದರ್ಜೆಯ ಹೊಸ ಡ್ರಮ್ ಮಾತ್ರ ಬಳಸಿ. ಪೇಂಟ್, ಕೀಟನಾಶಕ, ಸೋಪಿನ ಎಣ್ಣೆ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಮೀನಿಗೆ ಬಳಸಬಾರದು.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಯಂತ್ರವನ್ನೋ ಹೀಟರನ್ನೋ ಮುಟ್ಟಿದಾಗ ಸಣ್ಣಗೆ ಜುಮ್ಮೆಂದರೂ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಆ ಟ್ಯಾಂಕಿಗೆ ಅಲ್ಲಿಯವರೆಗೆ ಕೈ ಹಾಕಬೇಡಿ. ಅಕ್ವೇರಿಯಂ ಇರುವ ಮನೆಯಲ್ಲಿ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ತಾನಾಗಿಯೇ ಆಫ್ ಆಗುವ ಸ್ವಿಚ್) ಇಲ್ಲದಿರುವುದು ತಪ್ಪು. ಅಡಾಪ್ಟರ್ ನೀರಿನ ಮಟ್ಟಕ್ಕಿಂತ ಮೇಲಿರಲಿ, ವೈರು ಒಮ್ಮೆ ಕೆಳಗಿಳಿದು ಮತ್ತೆ ಏರಿ ಪ್ಲಗ್ ಸೇರಲಿ. ಆಗ ಹನಿ ಸಾಕೆಟ್ಟಿಗೆ ಜಾರುವುದಿಲ್ಲ. ಪಿಎಚ್ ಇಳಿಸಲೆಂದು ಬಚ್ಚಲು ತೊಳೆಯುವ ಆಸಿಡ್ಡನ್ನು ಯಾರು ಹೇಳಿದರೂ ಬಳಸಬೇಡಿ.

ಬೋರ್ ನೀರಿನ ನೈಟ್ರೇಟ್, ಫ್ಲೋರೈಡ್, ಲೋಹಗಳನ್ನು ಮನೆಯ ಕಿಟ್‌ನಲ್ಲಿ ಸರಿಯಾಗಿ ತಿಳಿಯಲಾಗದು; ನೀರು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಮಾದರಿ ಕೊಡಿ. ನೀರು ಎಲ್ಲ ರೀತಿಯಲ್ಲೂ ಸರಿಯಿದ್ದು ಮೀನಿನ ಮೈಮೇಲೆ ಹುಣ್ಣು, ಬಿಳಿ ದಾರದಂತಹ ಮಲ, ಊದಿದ ಹೊಟ್ಟೆ ಕಂಡರೆ ಅದು ರೋಗ. ಔಷಧಿಯನ್ನು ಊಹೆಯ ಮೇಲೆ ಹಾಕದೆ ಮೀನಿನ ರೋಗ ಬಲ್ಲ ಪಶುವೈದ್ಯರನ್ನು ಅಥವಾ ಮಂಗಳೂರಿನ ಮೀನುಗಾರಿಕಾ ಕಾಲೇಜಿನಂತಹ ಸಂಸ್ಥೆಯ ತಜ್ಞರನ್ನು ಕೇಳಿ. ಹೋಗುವಾಗ ಟ್ಯಾಂಕಿನ ನೀರನ್ನು ಒಂದು ಬಾಟಲಿಯಲ್ಲಿ, ಡ್ರಮ್ಮಿನ ನೀರನ್ನು ಇನ್ನೊಂದರಲ್ಲಿ, ಅಂಚಿನವರೆಗೆ ತುಂಬಿಸಿ ಹೆಸರು ಬರೆದು, ಅಂಕಿ ಬರೆದಿಟ್ಟ ಆ ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ.